ಹದಿನಾಲ್ಕನೇ ನಂಬರಿನ ಜಾಕೆಟ್ಟು

ಬೆಳಿಗ್ಗೆ ಮೊದಲ ಕೆಲಸ, ಮೂಸಿ ನೋಡುವುದು.
ತಂತಿಯ ಮೇಲೆ ಇಪ್ಪತ್ತೆರಡು ಲೈಫ್ ಜಾಕೆಟ್ಟು,
ನಿನ್ನೆಯವರ ಬೆವರು, ಮುಖದ ಕ್ರೀಮು,
ಯಾರದೋ ಮಂಡಕ್ಕಿಯ ಹಸಿ ಈರುಳ್ಳಿ.
ಒಣಗಿದ್ದು ಮುಂದಕ್ಕೆ, ಒದ್ದೆಯದು ಬಿಸಿಲಿಗೆ.
ಹದಿನಾಲ್ಕರ ಸೀಟಿ ಊದಿದರೆ ಬರೀ ಉಸಿರು.
ಅದನ್ನು ಯಾರಿಗೂ ಕೊಡುವುದಿಲ್ಲ,
ಎಸೆಯುವುದಕ್ಕೂ ಕೈ ಬರುವುದಿಲ್ಲ.

ಏಪ್ರಿಲ್ಲಿನಲ್ಲಿ ಶರಾವತಿಯ ಹಿನ್ನೀರು
ನಮ್ಮ ಶೆಡ್ಡಿನಿಂದ ಒಂದು ಫರ್ಲಾಂಗು ಹಿಂದೆ ಸರಿಯುತ್ತದೆ.
ಕೆಂಪು ಕೆಸರು ಬಿರಿಯುತ್ತದೆ,
ನೀರಲ್ಲಿ ಸತ್ತ ಮರಗಳ ಬೊಡ್ಡೆ ತಲೆ ಎತ್ತುತ್ತವೆ,
ಕೆಳಗೆ ಕರ್ರಗೆ, ನೀರುಕಾಗೆ ಕೂತು ಕೂತು ಮೇಲೆ ಬೆಳ್ಳಗೆ.
ಪಾಸ್ಕಲ್ ಒಂದೊಂದಕ್ಕೂ ಹೆಸರಿಟ್ಟಿದ್ದಾನೆ:
ಕುಂಟ, ಪೊಲೀಸು, ಎರಡು ಹಲ್ಲಿನಜ್ಜಿ.
‘ಪೊಲೀಸಿನ ಎಡಕ್ಕೆ ಹೋಗಿ, ಅಜ್ಜಿಯ ಹತ್ತಿರ ಬೇಡ’
ಕಯಾಕು ಹತ್ತಿದವರಿಗೆ ನಮ್ಮ ನಕ್ಷೆ ಇಷ್ಟೇ.

ಬಂದವರೆಲ್ಲರದೂ ಒಂದೇ ಪ್ರಶ್ನೆ. ಆಳ ಎಷ್ಟು?
ಆಳ ಕೇಳಬೇಡಿ, ಬಕಲ್ಲು ಹಾಕಿ ಅನ್ನುತ್ತೇನೆ.
ಮದುವೆಯಾಗಿ ಹನ್ನೊಂದು ದಿನದ ಹುಡುಗಿಯ ಹೊಸ ತಾಳಿ
ಬಕಲ್ಲಿಗೆ ಸಿಕ್ಕಿ, ಬಿಡಿಸಲು ನಾನೇ ಬೇಕಾಯಿತು.
ಗಂಡ ಫೋಟೋ ತೆಗೆಯುತ್ತಿದ್ದ.

ಆ ಭಾನುವಾರ ಹರಿಹರದ ಟೈರಂಗಡಿಯ ಹನ್ನೆರಡು ಹುಡುಗರು,
ಹಾವೇರಿಯಿಂದ ಒಂಬತ್ತು ನರ್ಸುಗಳು.
ಹುಡುಗರು ತೆಪ್ಪದಲ್ಲಿ ಕೂತು ಕೂಗಿದ್ದೇ ಹೆಚ್ಚು.
ನರ್ಸುಗಳು ಇಬ್ಬಿಬ್ಬರು ಒಂದೊಂದು ಕಯಾಕು,
ಇಬ್ಬರೂ ಒಂದೇ ಕಡೆ ಹುಟ್ಟು ಹಾಕಿ
ಗಾಣದೆತ್ತಿನ ಹಾಗೆ ಅಲ್ಲೇ ಸುತ್ತಿದರು.
ಒಬ್ಬರು ಉಳಿದರು. ನೀಲವ್ವ ಸಿಸ್ಟರು,
ಮುಂದಿನ ತಿಂಗಳು ರಿಟೈರು.
ಜೊತೆಯಿಲ್ಲದೆ ಬಿಡುವ ಹಾಗಿಲ್ಲ ಅಂದೆ.

ಮತ್ತಿ ಮರದ ಕೆಳಗೆ ಅವರ ಬಸ್ಸು.
ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು,
ಸ್ಟೇರಿಂಗಿನ ಮೇಲೆ ಕಾಲು ಚಾಚಿ,
ಮುಖಕ್ಕೆ ಟವೆಲ್ಲು ಹೊದ್ದು, ಬುಡನ್ ಸಾಬರು.
ಒಂಬತ್ತು ವರ್ಷದಿಂದ ಜನರನ್ನು ನೀರಿಗೆ ತಂದು ಬಿಡುತ್ತಾರೆ,
ನೀರಿನ ಹತ್ತಿರ ಬಂದದ್ದು ರೇಡಿಯೇಟರಿಗೆ ಬಕೆಟ್ಟು ತುಂಬಲು ಮಾತ್ರ.
ಜೋಗ ಹೇಗೆ ಸಾಬರೆ ಅಂದರೆ, ‘ಪಾರ್ಕಿಂಗು ಚಲೋ ಐತಿ.’
ಆಗುಂಬೆ? ‘ಹದಿನಾಲ್ಕು ತಿರುವು.’

‘ಡ್ರೈವರ್ರೆ, ಬರ್ರಿ,’ ಕೂಗಿದರು ನೀಲವ್ವ.
‘ನನಗ ಈಜಾಕ ಬರಂಗಿಲ್ಲರಿ.’
‘ನನಗ ಬಸ್ ಹೊಡಿಯಾಕ ಬರಂಗಿಲ್ಲ,
ನಿಮ್ಮ ಬಸ್ಸಿನಾಗ ಕುಂತು ಬಂದಿಲ್ಲೇನು?’
ಟವೆಲ್ಲಿನ ಕೆಳಗೆ ಸ್ವಲ್ಪ ಹೊತ್ತು ಏನೂ ಆಗಲಿಲ್ಲ.
ಆಮೇಲೆ ಒಂದು ಕಾಲು ಇಳಿಯಿತು.

ತಂತಿಯ ಮೇಲೆ ಉಳಿದದ್ದು ಹದಿನಾಲ್ಕೊಂದೇ.
ಪಟ್ಟಿ ಎಳೆದು ಕಟ್ಟಿದೆ, ಹೊಟ್ಟೆ ಒಳಗೆ ತಗೊಂಡರು.
ಸೀಟಿ ಕೆಟ್ಟಿದೆ, ಬೇಕಾದರೆ ಬಾಯಲ್ಲೇ ಹಾರ್ನು ಹೊಡೆಯಿರಿ ಅಂದೆ.
ತಮಾಷೆಗೆ ಅಂದದ್ದು.
ಪಾಸ್ಕಲನಿಗೆ ಹಿಂದೆಯೇ ಹೋಗು ಎಂದು ಕಣ್ಣಲ್ಲಿ ಹೇಳಿದೆ.

ದಡ ಬಿಟ್ಟ ಕೂಡಲೇ ಅವರ ಬಲಗಾಲು
ದೋಣಿಯ ತಳವನ್ನು ಒತ್ತಿತು, ಬಿಟ್ಟಿತು, ಮತ್ತೆ ಒತ್ತಿತು.
ಇದಕ್ಕೆ ಬ್ರೇಕಿಲ್ಲ ಎಂದು ಬಾಯಿಗೆ ಬೇಗ ತಿಳಿಯಿತು,
ಕಾಲಿಗೆ ತಿಳಿಯಲು ಅರ್ಧ ಗಂಟೆ.
ಪೊಲೀಸಿನ ಹತ್ತಿರ ಪೋಂ ಪೋಂ.
ಅಜ್ಜಿಯ ಹತ್ತಿರ ಪೋಂ ಪೋಂ ಪೋಂ.
ಟೈರಂಗಡಿ ಹುಡುಗರು ತೆಪ್ಪದಿಂದಲೇ ಸೈಡು ಕೊಟ್ಟರು.
ಆಮೇಲೆ ಸದ್ದು ನಿಂತಿತು.

ನಡುನೀರಿನಲ್ಲಿ ಇಬ್ಬರೂ ಹುಟ್ಟು ಮಡಿಲ ಮೇಲಿಟ್ಟು ಕೂತಿದ್ದರು.
ದೂರಕ್ಕೆ ಮಾತು ಕೇಳಿಸಲಿಲ್ಲ,
ಆಡುತ್ತಿದ್ದರೋ ಇಲ್ಲವೋ.
ಗಾಳಿ ಎತ್ತ ಒಯ್ದಿತೋ ಅತ್ತ ಸ್ವಲ್ಪ ಹೋದರು.
ಬದುಕೆಲ್ಲ ಲೇನು ನೋಡಿದ ಮನುಷ್ಯ,
ಎಡಕ್ಕೂ ಬಲಕ್ಕೂ ಏನೂ ಇಲ್ಲದ ಕಡೆ.

ಇಳಿದಾಗ ಪ್ಯಾಂಟು ಮೊಣಕಾಲಿನವರೆಗೆ ಒದ್ದೆ.
‘ಅಲ್ಲಿಂದ ನೋಡಿದ್ರ ನಮ್ಮ ಬಸ್ಸು ಬೆಂಕಿಪೊಟ್ಟಣ ಇದ್ದಂಗ ಐತಿ,’
ಅಂದರು, ಯಾರಿಗೆ ಅಂತಲ್ಲ.
ಬಾಡಿಗೆ ಕೊಡಲು ಬಂದರು, ನಾನು ಬೇಡವೆಂದೆ,
ನೀಲವ್ವ ಕೊಟ್ಟೇಬಿಟ್ಟರು.

ಇವತ್ತು ಹದಿನಾಲ್ಕನ್ನು ಮೂಸಿ ನೋಡಿದೆ.
ಡೀಸೆಲ್ಲು, ಗಣೇಶ ಬೀಡಿ, ಕೆರೆಯ ಕೆಸರು.
ಸೀಟಿ ಊದಿದೆ. ಇಲ್ಲ.
ಚಕ್ರಕ್ಕೆ ಕೊಟ್ಟ ಕಲ್ಲನ್ನು ಮರದಡಿ ಮರೆತು ಹೋಗಿದ್ದಾರೆ.
ಇರಲಿ. ಸಂಜೆ ಗಾಳಿ ಜೋರಿದ್ದರೆ
ಕಯಾಕು ಕಟ್ಟಲು ಆಗುತ್ತದೆ.