ಸ್ಲೈಡು ಹದಿನೇಳು

ಪೆರಿಯದ ಗುಡ್ಡೆಯ ಮೇಲೆ, ಮುರಕಲ್ಲು ಕಡಿದು ಬಿಟ್ಟ ಬಯಲಿನಲ್ಲಿ
ನಮ್ಮ ಲ್ಯಾಬು. ಕರೆಂಟು ಹೋದರೆ ಮೊದಲು ಫ್ರೀಜರು ನರಳುತ್ತದೆ.
ನನ್ನ ಕೆಲಸ ಕೊಯ್ಯುವುದು.
ಇಲಿಯ ಮಿದುಳು, ನಲವತ್ತು ಮೈಕ್ರಾನಿನ ಎಸಳು,
ಕುಂಚದ ತುದಿಯಲ್ಲೆತ್ತಿ ಉಪ್ಪುನೀರಿಗೆ ಬಿಡುವುದು.
ಅದು ಬಿಚ್ಚಿಕೊಳ್ಳುವಾಗ ಉಸಿರಾಡಬಾರದು.

ಈ ಕೈ ನನ್ನದಲ್ಲ, ಸೇಸು ದೊಡ್ಡಮ್ಮನದು.
ಉಪ್ಪಳದ ಜಗಲಿಯಲ್ಲಿ ಸೂಪು ತೊಡೆಗಿಟ್ಟು
ಎಲೆ ಕತ್ತರಿಸಿ, ಹೊಗೆಸೊಪ್ಪು ಉದುರಿಸಿ, ಸುತ್ತಿ,
ತುದಿ ಮಡಚಿ, ನೂಲು ಬಿಗಿದು
ಇಪ್ಪತ್ತೈದಕ್ಕೊಂದು ಕಟ್ಟು.
ಸಕ್ಕರೆ ಕಾಯಿಲೆ ಕಣ್ಣು ಕೊಂಡುಹೋದ ಮೇಲೂ
ಎರಡು ವರ್ಷ ಬ್ರಾಂಚಿಗೆ ಬೀಡಿ ಹೋಯಿತು.
ಚೆಕ್ಕರನಿಗೆ ಗೊತ್ತೇ ಆಗಲಿಲ್ಲ.
ಆಮೇಲೆ ಅದು ಬೆರಳಿಗೆ ಬಂತು.

"ಇಲಿಯ ತಲೆಯಲ್ಲಿ ಏನು ಹುಡುಕುತ್ತಿ ಮಗಾ?"
ಪ್ರೋಟೀನಿಗೆ ತುಳುವಿನಲ್ಲಿ ಏನೆನ್ನಲಿ?
ಕಂಬ ಎಲ್ಲೆಲ್ಲಿದೆ, ಚಿಲಕ ಎಲ್ಲೆಲ್ಲಿದೆ ನೋಡುವುದು ಎಂದೆ.
"ಕಂಬ ಮಾಡಿನ ಭಾರ ಇರುವಲ್ಲಿ.
ಚಿಲಕ ಜನ ಬರುವಲ್ಲಿ.
ಅಷ್ಟಕ್ಕೆ ಇಲಿ ಕೊಲ್ಲಬೇಕಾ?"

ರಂಲತ್ ಮೇಡಂ ಹೋದ ಮೇಲೆ ದೀಪ ಆರಿಸಿ ಕೂರುತ್ತೇನೆ.
ಹಸಿರು ಬೆಳಕಿಗೆ ಕಂಬಗಳು ಏಳುತ್ತವೆ,
ಐದನೆಯ ಪದರದಿಂದ ಮೇಲಕ್ಕೆ, ಒಂದರ ಪಕ್ಕ ಒಂದು,
ಕೊನೆಯ ಲೋಕಲ್ ಹೋದ ಪ್ಲಾಟ್‌ಫಾರಮಿನ ಹಾಗೆ.
ಕೆಂಪಿಗೆ ಚಿಲಕಗಳು, ಸೆರೊಟೋನಿನ್ ಬಂದು ತಟ್ಟುವಂಥವು,
ಇಲ್ಲಿ ರಾಶಿ, ಅಲ್ಲಿ ಸೂಪಿನಿಂದ ಚೆಲ್ಲಿದ ಪುಡಿ.
ಪುಸ್ತಕದಲ್ಲಿ ನಾಲ್ಕಕ್ಕೂ ಐದಕ್ಕೂ ನಡುವೆ ಗೆರೆ ಇದೆ.
ಸ್ಲೈಡಿನಲ್ಲಿ ಇಲ್ಲ.
ಎಣಿಕೆ ಎಲ್ಲಿ ನಿಲ್ಲಿಸಿದೆ ಎಂದು
ಮಂಜೇಶ್ವರ ತಾಲೂಕಿನವಳನ್ನು ಕೇಳುತ್ತಾರೆ.

ಹದಿನೇಳನೆಯದು ಹುಟ್ಟಿದ ದಿನವೇ
ಒಂದು ಮೀಸೆಯ ಬುಡ ಸುಟ್ಟ ಮರಿಯದು.
ಪ್ರತಿ ಮೀಸೆಗೂ ಮಿದುಳಲ್ಲಿ ಒಂದು ಕೋಣೆ, ಸಾಲು ಸಾಲಾಗಿ.
ಇದರದು ಮಾತ್ರ ಇಲ್ಲ.
ಖಾಲಿ ಜಾಗ ಇರುತ್ತದೆಂದು ನಾನು ಕಾದಿದ್ದೆ.
ಅದೂ ಇಲ್ಲ, ನೆರೆಕೋಣೆಗಳು ಸರಿದು ಕೂತಿವೆ,
ಬಸ್ಸಿನಲ್ಲಿ ಎದ್ದವರ ಸೀಟಿಗೆ ಸರಿಯುವ ಹಾಗೆ.
ದೊಡ್ಡಮ್ಮನ ತೋರುಬೆರಳಿನ ಕೋಣೆಗೆ
ಎಪ್ಪತ್ತನೆಯ ವಯಸ್ಸಿನಲ್ಲಿ ಯಾರು ಸರಿದಾರು?
ಮೇಡಂ ಅದು ಬೇರೆ ಪ್ರಶ್ನೆ ಎಂದರು.

ಭಾನುವಾರ ಅವಳು ಹಠ ಹಿಡಿದಳು.
ಎಲೆ ನೆನೆಸಿ, ಸೂಪು ತೊಡೆಗಿಟ್ಟೆ.
ಬೆರಳಿಗೆ ಎಲೆ ಗೊತ್ತಾಗಲಿಲ್ಲ, ನೂಲು ಗೊತ್ತಾಗಲಿಲ್ಲ,
ಕೈ ತಾನೇ ಹೊರಟಿತು, ಸುತ್ತಿತು, ಮಡಚಿತು, ಬಿಗಿಯಿತು.
ರೇಡಿಯೋದಲ್ಲಿ ಮೀನಿನ ದರ ಮುಗಿದು ವಾರ್ತೆ ಬಂತು.
"ಆಯಿತಾ ಇಪ್ಪತ್ತೈದು?"
ಎಣಿಸಿದೆ. ಇಪ್ಪತ್ತೈದೇ.
ಮೂರರಲ್ಲಿ ಸೊಪ್ಪಿರಲಿಲ್ಲ.