ಎಲೆ ಎತ್ತುವವರು ಯಾರು

ಮೂವತ್ತೆರಡು ಕಿಲೊ ಬೂತಾಯಿ ಇಟ್ಟರೆ
ತಿಂಗಳಾಯರ ತಕ್ಕಡಿ ಮೂವತ್ತೆರಡು ಅಂದಿತು.
ಅದೇ ಪೆಟ್ಟಿಗೆಗೆ ಚೆರಿಯಬ್ಬರ ತಕ್ಕಡಿ
ಸೊನ್ನೆಯ ಹಿಂದೆ ಸೊನ್ನೆ ನಿಲ್ಲಿಸಿ
ಕೊನೆಗೊಂದು ಐದು ತೋರಿಸಿತು.
"ಮೀನು ಹಾರಿಹೋಯಿತಾ ಮೇಡಂ?" ಅಂದರು,
ನಗದೆ.

ಬೆಳಗಿನ ಜಾವ ಐದೂಕಾಲು. ಬಂದರಿನ ಧಕ್ಕೆ.
ರಜೆ ಮುಗಿದು ಬೋಟುಗಳು ಇಳಿದ ಎರಡನೆಯ ವಾರ.
ಐಸಿನ ನೀರು ಚಪ್ಪಲಿಯೊಳಗೆ,
ಮಡಿಲಿನ ಲ್ಯಾಪ್‌ಟಾಪಿನ ಮೇಲೆ ಮೀನಿನ ಹುರುಪೆ ಎರಡು.

ಲೈಬ್ರರಿ ನನ್ನದು. ಬೋಳಾರದ ಮಹಡಿಯಲ್ಲಿ ಕೂತು
ಒಮ್ಮೆ ಬರೆದರೆ ಎಲ್ಲ ತಕ್ಕಡಿಗೂ ಆಯಿತೆಂದು
ಹೆಮ್ಮೆಯಿಂದ ಬರೆದದ್ದು.
ತಿಂಗಳಾಯರ ಯಂತ್ರ ಒಂದು ಕಂಪೈಲರಿನ ಕೂಸು,
ಚೆರಿಯಬ್ಬರದು ಇನ್ನೊಂದರದು,
ಸೆವ್ರಿನಾ ಬಾಯಿಯವರದು ಯಾವುದರದೋ,
ಮಾರಿದವನೇ ಅಂಗಡಿ ಮುಚ್ಚಿದ್ದಾನೆ.

ಬೂತಾಯಿ, ತಾರ್ಲಿ, ಮತ್ತಿ.
ಮೀನು ಒಂದೇ. ಇಲ್ಲಿ ಯಾರಿಗೂ ತೊಡಕಿಲ್ಲ,
ಬೆರಳು ತೋರಿಸಿದರೆ ಸಾಕು.
ಯಂತ್ರಕ್ಕೆ ಬೆರಳಿಲ್ಲ.
ನಾನಿಟ್ಟ ಹೆಸರು ಬರಿ 'ತೂಗು'. ಅದಕ್ಕೆ
ಒಂದು ಕಂಪೈಲರು ಅಡಿಗೆರೆ ಎಳೆಯಿತು,
ಇನ್ನೊಂದು ಪ್ರಶ್ನಾರ್ಥಕ ಚಿಹ್ನೆ ಮುಡಿಸಿತು,
ಮದುವಣಗಿತ್ತಿಯಂತೆ ಸಿಂಗರಿಸಿ
ಕರೆದವರಿಗೇ ಗುರುತು ಸಿಗದ ಹಾಗೆ.
ಆ ಸಿಂಗಾರವನ್ನು ಕಳೆದ ವಾರವೇ ಬಿಚ್ಚಿಸಿದ್ದೆ.
ಬರಿ ಸಿ. ಬರಿ ಹೆಸರು.

ಆಮೇಲೆ ಎಲೆಯ ಗೊಂದಲ.
ನಮ್ಮ ಮನೆಯಲ್ಲಿ ಉಂಡವರೇ ಎಲೆ ಎತ್ತಬೇಕು.
ಅತ್ತೆಮನೆಯಲ್ಲಿ ಉಂಡವರು ಎಲೆ ಮುಟ್ಟಿದರೆ
ಬಡಿಸಿದವರಿಗೆ ಅವಮಾನ.
ಹೊಸತರಲ್ಲಿ ನಾನೂ ಎತ್ತಿದೆ, ಅತ್ತೆಯೂ ಕೈ ಹಾಕಿದರು,
ಎಲೆ ಹರಿದು ಸಾರು ಸೀರೆಗೆ.
ಫಂಕ್ಷನ್ನು ಮುಗಿದ ಮೇಲೆ ಸ್ಟ್ಯಾಕು ಒರೆಸುವವರು ಯಾರು,
ಕರೆದವರೋ, ಬಂದವರೋ?
ಅದನ್ನೂ ಹೇಳಿಟ್ಟೆ, ಹೆಡರಿನ ಮೊದಲ ಸಾಲಲ್ಲೇ.

ಆದರೂ ಚೆರಿಯಬ್ಬರ ಬೂತಾಯಿಗೆ ತೂಕವಿಲ್ಲ.

ಬೈಟು ಬೈಟೇ ಎಣಿಸಿದೆ.
ಮೀನಿನ ಜಾತಿಗೆ ಒಂದು ಅಕ್ಷರ, ಅದರ ಪಕ್ಕ ತೂಕ.
ನಡುವೆ ಜಾಗ ಬಿಡುವುದು ಕಂಪೈಲರಿನ ಜಾಯಮಾನ.
ಒಂದು ಏಳು ಬಿಟ್ಟಿದೆ, ಇನ್ನೊಂದು ಮೂರು.
ಅವರ ತಕ್ಕಡಿ ಓದುತ್ತಿದ್ದುದು
ಅರ್ಧ ಖಾಲಿಯನ್ನು, ಅರ್ಧ ಮೀನನ್ನು.
ಏಳೇ ಇರುತ್ತದೆ ಅಂದುಕೊಂಡವಳು ನಾನು.
ನನ್ನ ಮೇಜಿನ ಮೇಲೆ ಏಳೇ ಇತ್ತು.

ಐತ ಬೆಳ್ಚಡರು ನೆನಪಾದರು. ಮೇ ತಿಂಗಳಲ್ಲಿ
ಮಹಡಿಯ ಒಡೆದ ಹೆಂಚು ಬದಲಿಸಲು ಬಂದವರು
ನಾನು ತಂದದ್ದನ್ನು ಹಳೆಯದರ ಪಕ್ಕ ಹಿಡಿದು
ಕಚ್ಚಿನಲ್ಲಿ ಉಗುರು ಎಳೆದು
"ಕಾರ್ಖಾನೆ ಬೇರೆ" ಎಂದು ಕೆಳಗಿಟ್ಟರು.
ಮಣ್ಣು ಯಾವ ಗದ್ದೆಯದೆಂದು ಕೇಳಲಿಲ್ಲ,
ಸುಟ್ಟವರು ಯಾರೆಂದೂ ಕೇಳಲಿಲ್ಲ.
ಕಚ್ಚು ಮಾತ್ರ.
ನನಗೆ ಸೋಮಾರಿತನ. ಕೆರೆದು ಕೂರಿಸಿ ಅಂದೆ.
ಕೆರೆದರು, ಮುಖ ಸಿಂಡರಿಸಿ.
ಜೂನಿನಿಂದ ಅಲ್ಲೇ ತೊಟ್ಟಿಕ್ಕುತ್ತಿದೆ,
ಕೆಳಗೆ ಬಕೆಟು.

ಇದನ್ನೂ ಕೆರೆಯಬಹುದು, ಹತ್ತು ನಿಮಿಷ.
ನಾಳೆ ಸೆವ್ರಿನಾ ಬಾಯಿಯ ತಕ್ಕಡಿ ಎಷ್ಟು ಬಿಡುತ್ತದೋ.

ಕೆರೆಯಲಿಲ್ಲ.
ನನ್ನ ಒಳಮನೆ ತೋರಿಸುವುದನ್ನೇ ಬಿಟ್ಟೆ.
ಇನ್ನು ಒಂದು ಚೀಟಿ ಕೊಡುತ್ತೇನೆ.
ಚೀಟಿ ತೋರಿಸಿ, ತೂಕ ಕೇಳಿ, ಹೇಳುತ್ತೇನೆ,
ಪೂರ್ಣಾಂಕದಲ್ಲಿ.
ಮುಗಿದ ಮೇಲೆ ನೀವೇ ಹರಿದು ಹಾಕಬೇಡಿ.
ನೆರೆಮನೆಯ ಪಾತ್ರೆಯನ್ನು ಖಾಲಿ ಮರಳಿಸಬಾರದು ಅನ್ನುತ್ತಾರೆ ನಮ್ಮಲ್ಲಿ,
ನಾಲ್ಕು ಕಾಳು ಸಕ್ಕರೆಯಾದರೂ ಹಾಕಿ.
ಇಲ್ಲಿ ಹಾಗಲ್ಲ: ಏನೂ ಹಾಕದೆ,
ಹೇಗಿತ್ತೋ ಹಾಗೆ, ನನ್ನ ಕೈಗೇ.

ಏಳೂಮುಕ್ಕಾಲಿಗೆ ಮತ್ತೆ ಪೆಟ್ಟಿಗೆ ಇಟ್ಟರು.
ಹೆಚ್ಚಿನವು ಮಾರಿಹೋಗಿ, ಕಾಗೆಗಳು ಕೆಳಗಿಳಿದಿದ್ದವು.
"ಮೂವತ್ತೆರಡು ಸಾವಿರವಾ?"
ಗ್ರಾಮು, ಅಂದೆ.
ಆಗ ನಕ್ಕರು ಚೆರಿಯಬ್ಬ, ತಿಂಗಳಾಯರನ್ನು ಕೂಗಿ ಕರೆದು
ಇನ್ನೊಮ್ಮೆ ನಕ್ಕರು.

ಬೋಳಾರಕ್ಕೆ ಬಂದರೆ ಬಕೆಟು ಅರ್ಧ ತುಂಬಿತ್ತು.
ಬೆಳ್ಚಡರಿಗೆ ಫೋನು ಮಾಡಿದೆ:
ಕಚ್ಚಿನ ಅಳತೆ ಹೇಳಿ,
ಬರೆದುಕೊಳ್ಳುತ್ತೇನೆ.