ಉಳಿದದ್ದು

ನಮ್ಮ ಪ್ರಾಣಿಮನೆಗೆ ಕಿಟಕಿಯಿಲ್ಲ.
ಅಂತರಗಂಗೆ ಬೆಟ್ಟ ಕಾಲೇಜಿನ ಬೆನ್ನಿಗೇ ಇದ್ದರೂ
ಇಲಿಗಳಿಗೆ ಅದು ಗೊತ್ತಿಲ್ಲ.
ಬೆಳಿಗ್ಗೆ ಆರಕ್ಕೆ ಟ್ಯೂಬ್‌ಲೈಟಿನ ಹಗಲು,
ಸಂಜೆ ಆರಕ್ಕೆ, ಟಪ್, ಕತ್ತಲೆ.
ಮುಸ್ಸಂಜೆ ಎಂಬುದನ್ನು ನಾವು ಅವಕ್ಕೆ ಕೊಟ್ಟಿಲ್ಲ.

ಇಪ್ಪತ್ತೆರಡು ಡಿಗ್ರಿ, ಕೋಲಾರದ ಏಪ್ರಿಲ್‌ನಲ್ಲೂ.
ಕರೆಂಟು ಹೋದರೆ ಮೊದಲು ನನ್ನ ಫೋನು ಬಡಿದುಕೊಳ್ಳುತ್ತದೆ,
ಆಮೇಲೆ ಜನರೇಟರು.
ನಡುವಿನ ಹನ್ನೊಂದು ನಿಮಿಷ
ಮನೆಯಲ್ಲಿ ನನ್ನ ಫ್ಯಾನೂ ನಿಂತಿದೆ ಅನ್ನುವುದು
ನೆನಪಾಗುವುದಿಲ್ಲ.

ಹೊಟ್ಟು ಬದಲಿಸುವವಳು ಅಕ್ಕಯ್ಯಮ್ಮ, ವೇಮಗಲ್ ಕಡೆಯವಳು.
ಸೇರಿದ ದಿನ ನಿಯಮ ಓದಿ ಹೇಳಿದೆ:
ಸೆಂಟು ಕೂಡದು, ಪೌಡರು ಕೂಡದು, ಮಲ್ಲಿಗೆ ಕೂಡದು.
ವಾಸನೆ ಬದಲಾದರೆ ಇಲಿ ಬೆದರುತ್ತದೆ,
ಇಲಿ ಬೆದರಿದರೆ ಅಂಕಿ ಕೆಡುತ್ತದೆ.
ಅವಳು ತುರುಬು ಮುಟ್ಟಿಕೊಂಡು
‘ಕನಕಾಂಬರಕ್ಕೆ ವಾಸ್ನೆ ಎಲ್ಲೈತೆ ಮೇಡಂ?’ ಅಂದಳು.
ಪುಸ್ತಕ ತಿರುವಿದೆ. ಉತ್ತರವಿರಲಿಲ್ಲ.
ಅಂದಿನಿಂದ ನೀಲಿ ಟೊಪ್ಪಿಗೆಯ ಒಳಗೆ
ಒಂದು ಮೊಳ ಕಿತ್ತಳೆ ಬಣ್ಣ, ಕಾನೂನುಬದ್ಧ.

ಅವಳ ಮನೆಯಲ್ಲಿ ರೇಷ್ಮೆಹುಳು.
‘ನಮ್ ಹುಳದ್ಮನೇಲೂ ಹಿಂಗೇಯ,
ಕಾಲು ತೊಳ್ಕಂಡ್ ಬರ್ಬೇಕು, ಹೊರಗ್ನವ್ರು ಬರಂಗಿಲ್ಲ.
ನಾಕ್ನೇ ಜ್ವರ ಎದ್ದ್ ಮೇಲೆ ರಾತ್ರಿಯೆಲ್ಲ ಸೊಪ್ಪೇ ಸೊಪ್ಪು,
ಮಳೆ ಬಂದಂಗೆ ಸದ್ದು ಮಾಡ್ಕಂಡ್ ತಿಂತಾವೆ.’
ಆಮೇಲೆ ಏನೆಂದು ನಾನು ಕೇಳುವುದಿಲ್ಲ.
ಗೂಡು ಮಾರುಕಟ್ಟೆಗೆ ಹೋಗುತ್ತದೆ,
ಬುಟ್ಟಿ ಖಾಲಿ ವಾಪಸು ಬರುತ್ತದೆ.
ಮೂರನೇ ಮಹಡಿಯ ಲ್ಯಾಬಿಗೆ ಹೋದ ಪಂಜರಗಳ ಬಗ್ಗೆ
ಅವಳೂ ನನ್ನನ್ನು ಕೇಳುವುದಿಲ್ಲ.

ಮೂರು ತಿಂಗಳಿಗೊಮ್ಮೆ ಸಮಿತಿ. ಟೀ, ಬಿಸ್ಕತ್ತು, ಎಂಟು ಸಹಿ.
ಫಯಾಜ್ ಮೂವತ್ತಾರು ಇಲಿ ಕೇಳಿದ,
ಸಕ್ಕರೆ ಕಾಯಿಲೆಗೆ ನೇರಳೆ ಬೀಜ.
‘ಮೂವತ್ತಾರು ಯಾಕಪ್ಪ? ಇಪ್ಪತ್ತನಾಲ್ಕು ಸಾಲದೆ?’
ಸಂತೆಯಲ್ಲಿ ಕೊತ್ತಂಬರಿ ಕಟ್ಟಿಗೆ ಚೌಕಾಸಿ ಮಾಡುವ ದನಿ
ನನ್ನದೇ ಎಂದು ನನಗೇ ಕೇಳಿಸಿತು.
ಒಳ್ಳೆಯ ಹುಡುಗ. ಬೆವರುತ್ತ ಲೆಕ್ಕ ಬಿಡಿಸಿ ತೋರಿಸಿದ.
ಮೂವತ್ತಕ್ಕೆ ನಿಂತಿತು.
ಆರು.
ಯಾವ ಆರು ಎಂದು ಯಾರಿಗೂ ಗೊತ್ತಿಲ್ಲ,
ಅವಕ್ಕಂತೂ ಗೊತ್ತಿಲ್ಲ.
ಈ ವರ್ಷ ನಾನು ಮಾಡಿದ ಕೆಲಸ ಬಹುಶಃ ಅಷ್ಟೇ.

ಗುರುತಿಗೆ ಪಿಕ್ರಿಕ್ ಆಸಿಡ್ಡಿನ ಹಳದಿ:
ಒಂದಕ್ಕೆ ತಲೆಗೆ, ಒಂದಕ್ಕೆ ಬೆನ್ನಿಗೆ, ಒಂದಕ್ಕೆ ಬಾಲಕ್ಕೆ.
‘ಅರಿಸಿನ ಹಚ್ಚೋದಾ?’ ಎಂದು ನಕ್ಕಳು ಅಕ್ಕಯ್ಯಮ್ಮ,
ನಕ್ಕವಳು ಅರ್ಧಕ್ಕೇ ನಿಲ್ಲಿಸಿ
ಬಾಟಲಿಗಳಿಗೆ ನೀರು ತುಂಬಲು ಹೋದಳು.

ಮೊನ್ನೆ ಫೋನು. ‘ಗಂಡು ಹಡೆದೈತೆ, ಬನ್ನಿ.’
‘ಗಂಡು’ ಎಂದು ನಾನೇ ಚೀಟಿ ಅಂಟಿಸಿದ ಪಂಜರದಲ್ಲಿ
ಒಂಬತ್ತು ಮರಿ.
ಅವರೆಕಾಯಷ್ಟುದ್ದ, ಕಣ್ಣಿಲ್ಲ, ಕೂದಲಿಲ್ಲ,
ತೊಗಲೆಷ್ಟು ತೆಳುವೆಂದರೆ
ಕುಡಿದ ಹಾಲು ಹೊಟ್ಟೆಯಲ್ಲಿ ಬೆಳ್ಳಗೆ ಕಾಣುತ್ತಿತ್ತು.

ನನ್ನ ರಿಜಿಸ್ಟರಿನಲ್ಲಿ ಐದು ಮನೆ:
ಬಂದದ್ದು, ಹುಟ್ಟಿದ್ದು, ಬಳಸಿದ್ದು, ಸತ್ತದ್ದು, ಉಳಿದದ್ದು.
ಬರೆದರೆ ಅವು ಇವೆ.
ಇದ್ದರೆ ಯಾರಾದರೂ ಕೇಳುತ್ತಾರೆ.
‘ಬರೀಲೇಬೇಕಾ ಮೇಡಂ?’
ಹದಿನಾಲ್ಕು ವರ್ಷದಲ್ಲಿ ಒಂದು ಅಂಕಿಯನ್ನೂ ಮುಚ್ಚಿಡದವಳು
ಎರಡು ದಿನ ಪುಸ್ತಕ ತೆರೆಯಲಿಲ್ಲ.

ಮೂರನೆಯ ದಿನ ಬರೆದೆ. ಒಂಬತ್ತು.
ಪಕ್ಕದಲ್ಲಿ ಷರಾ: ತಪ್ಪು ನನ್ನದು.
ಅಕ್ಕಯ್ಯಮ್ಮ ಮಾತಾಡಲಿಲ್ಲ.
ತಾಯಿಯ ಪಂಜರಕ್ಕೆ ಒಂದು ಹಿಡಿ ಹೊಟ್ಟು ಹೆಚ್ಚಿಗೆ ಸುರಿದು,
ಟೊಪ್ಪಿಗೆ ಕಳಚಿ, ಬಾಡಿದ ಹೂ ಸರಿಮಾಡಿಕೊಂಡು
ಬಸ್ಸಿಗೆ ಹೊರಟಳು.

ಆರು ಗಂಟೆ. ಟಪ್.
ಬಾಗಿಲ ಹಿಡಿ ಹಿಡಿದು ನಿಂತಿದ್ದೆ.
ಒಳಗೆ, ಒಂದೊಂದೇ, ಎಲ್ಲ ಎದ್ದವು.
ಕತ್ತಲಾದ ಮೇಲೆ ತಾನೇ ಅವುಗಳ ದಿನ ಶುರು;
ಕಡಿಯತೊಡಗಿದವು,
ಮಳೆ ಬಂದ ಹಾಗೆ.